ಕೊರೊಮಿಕೊ ಗುಡ್ಡದ ಬಲ ತಿರುವು

ನನ್ನ ತೂಕ ಎಪ್ಪತ್ತೊಂಬತ್ತು ಕಿಲೋ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದ ಅವಾಂತರಕ್ಕೆಲ್ಲ ಒಬ್ಬ ಗಂಡಸು ಅದನ್ನು ಕೇಳದೇ ಬಿಟ್ಟದ್ದೇ ಕಾರಣ.

ಹನ್ನೊಂದು ವರ್ಷದಿಂದ ಬ್ಲಫ್ ಬಂದರಿನಲ್ಲಿ ಸಿಂಪಿ ಹಿಡಿಯುವ ದೋಣಿಯ ಮೇಲೆ ದುಡಿಯುತ್ತಿದ್ದೇನೆ. ಕಲ್ಲು, ಕೆಸರು, ಸಿಂಪಿ ತುಂಬಿದ ಕಬ್ಬಿಣದ ಬಲೆ ಎಳೆದೆಳೆದು ತೋಳು ಗಟ್ಟಿಯಾಗಿವೆ, ಭುಜ ಅಗಲವಾಗಿದೆ. ನನಗೆ ಅದರ ಬಗ್ಗೆ ನಾಚಿಕೆಯೇನೂ ಇಲ್ಲ. ನಾಚಿಕೆ ಇದ್ದದ್ದು ಮೆಕ್ಯಾನಿಕ್ ಡೂಗಲ್‌ಗೆ.

ಆ ಶನಿವಾರ ಮಧ್ಯಾಹ್ನ ನಾನು ಇನ್‌ವರ್ಕಾರ್ಗಿಲ್‌ನಲ್ಲಿರುವ ಅವನ ಗ್ಯಾರೇಜಿಗೆ ಕಾರು ನುಗ್ಗಿಸಿದಾಗ ಅವನು ಬಾಗಿಲಲ್ಲಿ ನಿಂತು ಚೀಸ್ ರೋಲ್ ತಿನ್ನುತ್ತಿದ್ದ. ನನ್ನ ಮುಖ ನೋಡಿದವನೇ ಅಗಿಯುವುದನ್ನು ನಿಲ್ಲಿಸಿದ.

“ಏನಪ್ಪಾ ಮಾಡಿಟ್ಟಿದೀಯ ನನ್ನ ಕಾರಿಗೆ?”

“ಏ… ಏನಾಯ್ತು?”

“ಎಡಕ್ಕೆ ತಿರುಗಿಸಿದ್ರೆ ಹಿಂದ್ಗಡೆ ಕುಣೀತದೆ. ಬಲಕ್ಕೆ ತಿರುಗಿಸಿದ್ರೆ ತಿರುಗೋದೇ ಇಲ್ಲ, ಮೂತಿ ನೇರ ಬೇಲಿ ಕಡೆಗೆ! ಬೆಳಿಗ್ಗೆ ಪ್ರಾಕ್ಟೀಸಲ್ಲಿ ಬಲ ತಿರುವಿನ ಹತ್ರ ಹುಲ್ಲಿಗೆ ಇಳಿದೆ. ಇಡೀ ಕ್ಲಬ್ಬು ನೋಡ್ತು. ಕುರಿಗಳೂ ನೋಡಿದ್ವು.”

ನನ್ನ ಸಿಟ್ಟಿಗೆ ಕಾರಣವಿತ್ತು. ಪ್ರತಿ ಫೆಬ್ರವರಿಯ ಕೊನೆಯ ಭಾನುವಾರ ನಮ್ಮ ಮೋಟಾರು ಕ್ಲಬ್ಬಿನವರು ಕೊರೊಮಿಕೊ ಗುಡ್ಡದ ರಸ್ತೆ ಮುಚ್ಚಿಸಿ, ಒಂದೊಂದೇ ಕಾರನ್ನು ಸಮಯ ಅಳೆಯುತ್ತ ಹತ್ತಿಸುತ್ತಾರೆ. ಈ ಸಲದ್ದು ಮರುದಿನವೇ ಇತ್ತು. ಒಂದು ಕಿಲೋಮೀಟರಿಗಿಂತ ತುಸು ಹೆಚ್ಚಿನ ಏರು. ನನ್ನ ಅತಿ ಒಳ್ಳೆಯ ಸಮಯ ಅರವತ್ತೊಂದು ಸೆಕೆಂಡು. ಹೋದ ತಿಂಗಳ ಕ್ಲಬ್ಬಿನ ಊಟದಲ್ಲಿ ಕ್ಲೈವ್ ಎಂಬ ಹಿರಿಯ, ಇಪ್ಪತ್ತು ವರ್ಷದಿಂದ ಆ ಗುಡ್ಡ ಹತ್ತುತ್ತಿರುವವನು, ನನ್ನ ಕಡೆ ಕೈ ತೋರಿಸಿ ಎಲ್ಲರಿಗೂ ಕೇಳುವಂತೆ ಅಂದಿದ್ದ: “ರಾಹೆರಾಳ ಕಾರು ಒಂದು ನಿಮಿಷದೊಳಗೆ ಹತ್ತೋ ಕಾರು ಕಣ್ರೋ. ಓಡಿಸೋಕೆ ಕೈ ಬೇಕು, ಅಷ್ಟೆ.”

ನನ್ನ ನಾಲಿಗೆಗೆ ಬ್ರೇಕ್ ಇಲ್ಲ. ಎದ್ದು ನಿಂತು ಹೇಳಿಯೇಬಿಟ್ಟೆ: “ಈ ಸಲ ಒಂದು ನಿಮಿಷದೊಳಗೆ ಹತ್ತದಿದ್ರೆ ಕಾರು ನಿನಗೇ ಮಾರ್ತೀನಿ. ಬೆಲೆ ನೀನೇ ಹೇಳು.”

ನಲವತ್ತು ಜನ ಕೇಳಿಸಿಕೊಂಡರು. ನಮ್ಮೂರಲ್ಲಿ ಹಾಗೆ ಆಡಿದ ಮಾತಿನಿಂದ ಹಿಂದೆ ಸರಿದವರು ಆಮೇಲೆ ಪಬ್ಬಿನಲ್ಲಿ ತಲೆ ಎತ್ತಿ ಕೂರಲಾರರು. ಆ ಹಸಿರು ಎರಡು ಸೀಟಿನ ಮಾಜ್ದಾ ನನ್ನ ಆರು ಸೀಸನ್ನಿನ ಬೆವರು. ದೋಣಿಯಲ್ಲಿ ನಾನು ಎರಡು ತೋಳು, ಮನೆಯಲ್ಲಿ ಎಲ್ಲರ ಮಕ್ಕಳಿಗೂ ಆಂಟಿ. ಆ ಕಾರಿನಲ್ಲಿ ಕೂತಾಗ ಮಾತ್ರ ನಾನು ಬರೀ ನಾನು. ಅದನ್ನು ಕಳೆದುಕೊಳ್ಳುವ ಹಾಗಿರಲಿಲ್ಲ.

ಅದಕ್ಕೇ ಉಳಿಸಿದ್ದನ್ನೆಲ್ಲ ಸುರಿದು ಹೊಸ ಕಾಯಿಲೋವರ್ ತರಿಸಿದ್ದೆ. ಸ್ಪ್ರಿಂಗು, ಅದರ ಕುಣಿತ ತಡೆಯುವ ಡ್ಯಾಂಪರು, ಎರಡೂ ಒಂದೇ ಕಂಬದಲ್ಲಿ ಕೂತಿರುವ ಸಸ್ಪೆನ್ಷನ್ ಅದು. ಮೈಮೇಲಿನ ಬಳೆ ತಿರುಗಿಸಿದರೆ ಕಾರಿನ ಆ ಮೂಲೆ ಏರುತ್ತದೆ, ಇಳಿಯುತ್ತದೆ; ತುದಿಯ ಗುಬುಟು ತಿರುಗಿಸಿದರೆ ಬಿಗಿಯೋ ಸಡಿಲವೋ ಆಗುತ್ತದೆ. ಅದನ್ನು ಕೂರಿಸಿ ಹದ ಮಾಡಲು ಈ ದಕ್ಷಿಣದ ಮೂಲೆಯಲ್ಲಿ ಡೂಗಲ್‌ನಂಥ ಕೈ ಇನ್ನೊಂದಿಲ್ಲ ಎಂದು ಎಲ್ಲರೂ ಹೇಳಿದ್ದರು. ನಾನು ಕಾರು ಬಿಟ್ಟು, ಸೀಸನ್ನಿಗೆ ದೋಣಿ ಸಜ್ಜು ಮಾಡಲು ಹೋಗಿದ್ದೆ.

ಅವನು ಒಳಗಿನಿಂದ ಒಂದು ಹಾಳೆ ತಂದ. ನಾಲ್ಕು ಚಕ್ರದ ಮೇಲೆ ಬಿದ್ದ ಭಾರ ನಾಲ್ಕು ಮೂಲೆಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ. ಕೆಳಗೆ ಇನ್ನೊಂದು ಸಾಲು: ಚಾಲಕ, 55 ಕಿಲೋ.

“ಯಾರಿದು ಐವತ್ತೈದು?”

“ಮರಳು ಚೀಲ.” ಅವನ ಕಿವಿ ಕೆಂಪಾದವು. “ಸೀಟಲ್ಲಿ ಡ್ರೈವರ್ ತೂಕ ಇಟ್ಕೊಂಡೇ ಸೆಟ್ ಮಾಡ್ಬೇಕು. ನೀವು ಇರ್ಲಿಲ್ವಲ್ಲ, ಅದಕ್ಕೆ…”

“ಫೋನ್ ಮಾಡಿ ಕೇಳೋಕೆ ಏನಾಗಿತ್ತು?”

“ಹೆಂಗಸರ ಹತ್ರ ತೂಕ ಹೆಂಗೆ ಕೇಳೋದು? ಮೂರು ಸಲ ನಂಬರ್ ಒತ್ತಿದೆ. ಮೂರು ಸಲಾನೂ ಕಟ್ ಮಾಡ್ದೆ.”

“ಸರಿ, ಐವತ್ತೈದೇ ಯಾಕೆ?”

“ಐವತ್ತೈದು ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ ಅನ್ನಿಸ್ತು.”

ನಾನು ಅವನನ್ನೇ ನೋಡಿದೆ. ಅವನು ಚೀಸ್ ರೋಲನ್ನೇ ನೋಡಿದ. ನಗು ಉಕ್ಕಿ ಬಂತು, ತುಟಿ ಕಚ್ಚಿ ತಡೆದೆ. ಅಷ್ಟು ಬೇಗ ಅವನನ್ನು ಬಿಡುವ ಮನಸ್ಸಿರಲಿಲ್ಲ.

“ಎಪ್ಪತ್ತೊಂಬತ್ತು. ಹೆಲ್ಮೆಟ್ಟು, ಬೂಟು ಬೇರೆ. ಬರ್ಕೋ, ದೊಡ್ಡದಾಗಿ ಬರ್ಕೋ. ಮತ್ತೆ ನನ್ನ ಕಾಲಿನ ಉದ್ದ ನೋಡಿದೀಯಾ? ಸೀಟು ಪೂರ್ತಿ ಹಿಂದಕ್ಕೆ ತಳ್ಕೊಂಡು ಕೂರೋಳು ನಾನು.”

ಅವನು ನನ್ನ ಕಾಲು ನೋಡಿ, ತಪ್ಪು ಮಾಡಿದವನಂತೆ ತಟ್ಟನೆ ಸೂರು ನೋಡಿದ. ಮರುಕ್ಷಣ ಹುಬ್ಬು ಗಂಟಿಕ್ಕಿತು. ನಾಚಿಕೆ ಎಲ್ಲೋ ಹೋಗಿ ಮೆಕ್ಯಾನಿಕ್ ಎದ್ದು ಕೂತಿದ್ದ.

“ಪೂರ್ತಿ ಹಿಂದಕ್ಕಾ? ಅಯ್ಯೋ! ನಾನು ಸೀಟು ಮುಂದಿಟ್ಟು ಸೆಟ್ ಮಾಡಿದೀನಿ. ಈಗ ಬಲಗಡೆ ಹಿಂದಿನ ಚಕ್ರ, ಎಡಗಡೆ ಮುಂದಿನ ಚಕ್ರ, ಇವೆರಡೇ ಭಾರ ಹೊತ್ಕೊಂಡಿವೆ. ಉಳಿದೆರಡು ಹೆಸರಿಗೆ ನೆಲ ಮುಟ್ತಿವೆ. ಒಂದು ಕಾಲು ಗಿಡ್ಡ ಇರೋ ಮೇಜಿನ ಥರ. ತಪ್ಪು ನಂದೇ. ನೂರಕ್ಕೆ ನೂರು ನಂದೇ.”

“ನಾಳೆ ಬೆಳಿಗ್ಗೆಗೆ ಸರಿ ಆಗ್ತದಾ?”

“ಎರಡು ಗಂಟೆ ಸಾಕು. ಆದ್ರೆ ನೀವು ಒಳಗೆ ಕೂತಿರ್ಬೇಕು. ಅಲ್ಲಾಡ್ಬಾರ್ದು.”

“ಮರಳು ಚೀಲ ಇದೆಯಲ್ಲ?”

“ಬೇಡ. ನೀವೇ ಬೇಕು.”

ಅಂದ ಮೇಲೆ ಅವನಿಗೆ ತಾನು ಏನಂದೆ ಎಂದು ಹೊಳೆಯಿತು. ಕಿವಿಗಳ ಕೆಂಪು ಕುತ್ತಿಗೆಗೆ ಇಳಿಯಿತು. ತಕ್ಕಡಿ ತರುವ ನೆಪದಲ್ಲಿ ಒಳಗೆ ಓಡಿದ.

ನಾಲ್ಕು ಚಕ್ರದ ಕೆಳಗೆ ನಾಲ್ಕು ಚಪ್ಪಟೆ ತಕ್ಕಡಿ ಬಂದವು. ನಾನು ರೇಸಿನ ಅಂಗಿ ತೊಟ್ಟು, ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು ಸ್ಟೀರಿಂಗ್ ಹಿಡಿದು ಕೂತೆ.

“ಉಸಿರಾಡ್ಬಹುದಾ?”

“ಮೆಲ್ಲಗೆ,” ಎಂದ. ತಮಾಷೆಯೋ ನಿಜವೋ ತಿಳಿಯಲಿಲ್ಲ.

ಚಕ್ರ ಎತ್ತುವುದು, ಬಳೆಯನ್ನು ಒಂದು ಸುತ್ತು ತಿರುಗಿಸುವುದು, ಇಳಿಸುವುದು, ಕಾರನ್ನು ಎರಡು ಸಲ ಕುಲುಕುವುದು, ಅಂಕಿ ನೋಡುವುದು. ಮತ್ತೆ ಮೊದಲಿನಿಂದ. ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದದ್ದು ಅವನ ಬೂಟಿನ ಅಡಿ ಮಾತ್ರ. ಅವನಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಇರಬೇಕು, ಅವನ ನಾಲಿಗೆ ಸಡಿಲವಾಯಿತು.

“ರಾಹೆರಾ.” ನನ್ನ ಹೆಸರು ಅವನ ಬಾಯಲ್ಲಿ ಅದೇ ಮೊದಲು. “ಶುಕ್ರವಾರ ನೀವು ಬಂದರಿನ ಅಂಗಡೀಲಿ ಸಿಂಪಿ ಬಿಡಿಸ್ತೀರಲ್ಲ.”

“ಹೂಂ. ನೀನು ತಪ್ಪದೆ ಒಂದು ಡಜನ್ ಒಯ್ತೀಯ. ಗೊತ್ತು ನಂಗೆ.”

“ನಾನು ತಿನ್ನಲ್ಲ. ತಿಂದ್ರೆ ಮೈಯೆಲ್ಲ ದದ್ದು ಏಳ್ತವೆ. ಪಕ್ಕದ್ಮನೆ ಅಜ್ಜಂಗೆ ಕೊಡ್ತೀನಿ. ಎರಡು ಸೀಸನ್ನಿಂದ. ಅವನಿಗೆ ನನ್ನ ಕಂಡ್ರೆ ಈಗ ದೇವರನ್ನ ಕಂಡಷ್ಟು ಖುಷಿ.”

ಅಲ್ಲಾಡಬಾರದು ಎಂಬುದು ಮರೆತು ನಕ್ಕುಬಿಟ್ಟೆ.

“ನಗ್ಬೇಡಿ! ಅಂಕಿ ಎಲ್ಲ ಕುಣೀತಿವೆ!”

“ತಿನ್ನೋನಲ್ಲ ಅಂದ್ಮೇಲೆ ಯಾಕೆ ಬರ್ತಿದ್ದೆ?”

ಸ್ಪ್ಯಾನರು ಕೈಜಾರಿ ನೆಲಕ್ಕೆ ಬಿದ್ದ ಸದ್ದು.

“ಎಡಗಡೆ ಹಿಂದಿಂದಕ್ಕೆ ಇನ್ನರ್ಧ ಸುತ್ತು ಬೇಕು,” ಎಂದ ಡೂಗಲ್.

ಪುಕ್ಕಲ! ಆದರೆ ಹೆಲ್ಮೆಟ್ಟಿನೊಳಗೆ ನನ್ನ ಮುಖ ಬಿಸಿಯಾಗಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ತಕ್ಕಡಿಯ ಅಂಕಿ ಅದನ್ನೂ ಅವನಿಗೆ ತೋರಿಸಿಬಿಡುತ್ತದೇನೋ ಎಂದು ಹೆದರಿದೆ. ನನಗೆ ಈ ಮನುಷ್ಯ ಇಷ್ಟವಾಗಿದ್ದ. ಮಧ್ಯಾಹ್ನ ಕತ್ತು ಹಿಸುಕಬೇಕು ಎಂದುಕೊಂಡು ಬಂದಿದ್ದವಳು ನಾನೇ.

ಕೊನೆಗೆ ಎದ್ದು ಬಂದು ಕಿಟಕಿಗೆ ಬಗ್ಗಿದ. ಹುಬ್ಬಿನ ಮೇಲೆ ಒಂದು ಗ್ರೀಸಿನ ಗೆರೆ. ಈ ಸಲ ಸೂರು ನೋಡಲಿಲ್ಲ, ಹೆಲ್ಮೆಟ್ಟಿನ ಸಂದಿನಲ್ಲಿ ಕಾಣುವ ನನ್ನ ಕಣ್ಣುಗಳನ್ನೇ ನೋಡಿದ. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಇನ್ನೊಂದು ಉಸಿರಿನಷ್ಟು.

“ಓರೆಯಲ್ಲಿರೋ ಆ ಎರಡು ಚಕ್ರ, ಈ ಎರಡು ಚಕ್ರ, ಒಂದೇ ಒಂದು ಕಿಲೋ ವ್ಯತ್ಯಾಸ,” ಎಂದ. “ಈಗ ಇದು ನಿಮ್ಮ ಕಾರು.”

“ನಾಳೆ ಸಂಜೆವರೆಗೆ,” ಎಂದೆ.

ಭಾನುವಾರ ದಕ್ಷಿಣ ಧ್ರುವದ ಕಡೆಯಿಂದ ಗಾಳಿ ಚಾಕುವಿನ ಹಾಗೆ ಬೀಸುತ್ತಿತ್ತು. ಪ್ರತಿಯೊಬ್ಬರಿಗೂ ಮೂರು ಸಲ ಹತ್ತುವ ಅವಕಾಶ. ಮೊದಲನೆಯ ಸಲ ನನಗೆ ಅರವತ್ತು ಪಾಯಿಂಟ್ ಎಂಟು. ಎರಡನೆಯದು ಅರವತ್ತು ಪಾಯಿಂಟ್ ಮೂರು. ಎರಡೂ ಹಿಂದೆಂದೂ ಆಗದ ವೇಗ, ಎರಡೂ ಸಾಲದು.

ಕ್ಲೈವ್ ಜೇಬಿಗೆ ಕೈ ಇಳಿಸಿಕೊಂಡು ಬಂದ. “ಇನ್ನೊಂದೇ ಸಲ ಹುಡುಗಿ. ಕಾರೊಳಗೆ ನಿನ್ನ ಸಾಮಾನೇನಾದ್ರೂ ಇದ್ರೆ ತೆಕ್ಕೊಂಬಿಡು, ಆಮೇಲೆ ಹುಡುಕೋ ಹಾಗಾಗ್ಬಾರ್ದು.”

“ನಿನ್ನ ಟೋಪಿ ಹಿಡ್ಕೋ ಕ್ಲೈವ್, ಗಾಳಿ ಜೋರಿದೆ,” ಎಂದೆ.

ಡೂಗಲ್ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಿದ್ದ, ಕೈ ಡ್ಯಾಂಪರಿನ ಗುಬುಟಿನ ಮೇಲೆ. “ಬಲ ತಿರುವಲ್ಲಿ ಕಾರು ಏನನ್ನುತ್ತೆ?”

ಸುಳ್ಳು ಹೇಳಬಹುದಿತ್ತು. ತಪ್ಪು ಒಪ್ಪಿಕೊಂಡು ಬದುಕುವವನ ಮುಂದೆ ಸುಳ್ಳು ಬರಲಿಲ್ಲ. “ಕಾರು ಚೆನ್ನಾಗೇ ತಿರುಗ್ತು. ನಾನೇ ಹೆದರ್ಕೊಂಡು ಬೇಗ ಬ್ರೇಕ್ ಒತ್ತಿದೆ. ನಿನ್ನೆ ಹುಲ್ಲಿಗೆ ಇಳಿದದ್ದು ಕಣ್ಮುಂದೆ ಬಂತು. ಎರಡು ಸಲಾನೂ.”

ಅವನು ಗುಬುಟಿನಿಂದ ಕೈ ತೆಗೆದ. “ಹಾಗಾದ್ರೆ ನಾನು ಇದನ್ನ ಮುಟ್ಟಲ್ಲ. ಕಾರು ಸರಿ ಇದೆ. ತಿರುವಿಗೆ ಮುಂಚೆ ಬಿಳಿ ಕಂಬ ಇದೆಯಲ್ಲ, ಅದು ದಾಟೋವರೆಗೆ ಬ್ರೇಕ್ ಒತ್ಬೇಡಿ.”

“ಬೇಲಿಗೆ ಹೊಡೆದ್ರೆ?”

“ಹೊಡೀರಿ. ನಾನು ಮತ್ತೆ ಕಟ್ತೀನಿ.”

“ಅಷ್ಟೊತ್ತಿಗೆ ಅದು ಕ್ಲೈವ್‌ನ ಕಾರಾಗಿರ್ತದೆ.”

“ಅದಕ್ಕೇ ಹೊಡೀಬೇಡಿ,” ಎಂದು ಎದ್ದವನು ನನ್ನ ಭುಜ ಮುಟ್ಟಿದ, ತಟ್ಟಿದ ಎನ್ನುವಂತೆಯೂ ಇಲ್ಲ, ಸವರಿದ ಎನ್ನುವಂತೆಯೂ ಇಲ್ಲ. ಆಮೇಲೆ ಕುರಿಬೇಲಿ ಹಾರಿ ಗುಡ್ಡ ಹತ್ತತೊಡಗಿದ.

ಬಾವುಟ ಬಿತ್ತು. ಮೊದಲ ನೆಟ್ಟಗಿನ ರಸ್ತೆ, ಎಡ ತಿರುವು, ಸೇತುವೆ. ಹಸಿರು ಮೂತಿ ಹೇಳಿದ ಕಡೆ ಹೋಗುತ್ತಿತ್ತು, ನಾಲ್ಕು ಚಕ್ರವೂ ನೆಲ ಕಚ್ಚಿ ಹಿಡಿದಿದ್ದವು. ಬೇಲಿ ದೊಡ್ಡದಾಗುತ್ತ ಬಂತು. ಬೇಲಿಯಾಚೆ ಒಬ್ಬ ಗಂಡಸು ಎರಡೂ ಕೈ ತಲೆಯ ಮೇಲಿಟ್ಟು ನಿಂತಿದ್ದ. ನನ್ನ ಬಲಗಾಲು ಬ್ರೇಕಿಗಾಗಿ ಚಡಪಡಿಸಿತು. ಇಲ್ಲ ಅಂದೆ. ಇಲ್ಲ, ಇಲ್ಲ, ಇಲ್ಲ. ಬಿಳಿ ಕಂಬ ಸರ್ರನೆ ಹಿಂದೆ ಹೋಯಿತು. ಆಗ ಒತ್ತಿದೆ, ತಿರುಗಿಸಿದೆ, ಮತ್ತು ನನ್ನ ಕಾರು ಬಲಕ್ಕೆ ತಿರುಗಿತು!

ನಾನು ಕೂಗುತ್ತಿದ್ದೆ. ಹೆಲ್ಮೆಟ್ಟಿನೊಳಗೆ ಒಬ್ಬಳೇ, ಹುಚ್ಚಿಯ ಹಾಗೆ, ಗುಡ್ಡದ ತುದಿಯವರೆಗೂ ಕೂಗುತ್ತಲೇ ಹತ್ತಿದೆ.

ಸಮಯ ಬರೆಯುವ ಮುದುಕ ರೇಡಿಯೋ ಕಿವಿಗೆ ಒತ್ತಿಕೊಂಡು ಮೇಲೆದ್ದ. “ಐವತ್ತೊಂಬತ್ತು ಪಾಯಿಂಟ್ ಆರು!”

ಮುದುಕನನ್ನು ನೆಲದಿಂದ ಎತ್ತಿಯೇಬಿಟ್ಟೆ. ನನಗಿಂತ ಮುಂಚೆ ಹತ್ತಿ ಅಲ್ಲಿ ಕಾಯುತ್ತಿದ್ದ ಕ್ಲೈವ್ ಟೋಪಿ ತೆಗೆದು, ನನ್ನ ಕೈ ಹಿಡಿದು ಕುಲುಕಿದ. “ಕೈ ಇದೆ ಕಣಮ್ಮಾ,” ಎಂದ. “ಕಾರು ನಿಂದೇ. ಇನ್ಮೇಲೆ ನಾನು ಅದರ ಸುದ್ದಿಗೆ ಬರಲ್ಲ.” ನನಗೆ ಅಳು ಬಂತು. ಬರಲಿ ಬಿಡು ಎಂದು ಅತ್ತೆ.

ಆಗ ಕುರಿಗಳ ನಡುವಿನಿಂದ ಡೂಗಲ್ ಏದುಸಿರು ಬಿಡುತ್ತ ಹತ್ತಿ ಬಂದ. ಮೊಣಕಾಲವರೆಗೂ ಕೆಸರು. ತಿರುವಿನಲ್ಲಿ ನಿಂತಿದ್ದವನಿಗೆ ಸಮಯ ತಿಳಿದಿರಲಿಲ್ಲ. ಅವನಿಗೆ ಕಂಡದ್ದು ನನ್ನ ಒದ್ದೆ ಕಣ್ಣು ಮಾತ್ರ. ನಾನು ಬಾಯಿ ತೆರೆದೆ.

“ಹೇಳ್ಬೇಡ,” ಎಂದ. “ತಾಳು. ಟೈಮ್ ಕೇಳಿದ್ಮೇಲೆ ನಾನು ಮನಸ್ಸಿನ ಮಾತು ಹೇಳಿದ್ರೆ, ಗೆದ್ಳು ಅಂತ ಹೇಳ್ದ, ಇಲ್ಲಾ ಸೋತ್ಳು ಅಂತ ಸಮಾಧಾನ ಮಾಡ್ದ ಅನ್ನೋ ಹಾಗಾಗ್ತದೆ. ಕಾರು ಉಳಿದಿರ್ಲಿ, ಹೋಗಿರ್ಲಿ, ನಂಗೆ ನೀನು ಅಂದ್ರೆ ಇಷ್ಟ ರಾಹೆರಾ. ಎರಡು ವರ್ಷದಿಂದ ಇಷ್ಟ. ಹೇಳೋಕೆ ಬಾಯಿ ಬರ್ಲಿಲ್ಲ. ಈಗ ಮುಖ ನೋಡ್ಕೊಂಡೇ ಹೇಳ್ತಿದೀನಿ.”

ಗುಡ್ಡದ ಮೇಲಿದ್ದ ಹನ್ನೆರಡು ಜನ ಚಾಲಕರೂ ನಮ್ಮ ಕಡೆ ತಿರುಗಿದ್ದರು. ಕ್ಲೈವ್ ಟೋಪಿ ಹಾಕಿಕೊಳ್ಳುವುದನ್ನೇ ಮರೆತಿದ್ದ.

“ಮುಗೀತಾ?” ಎಂದೆ.

“ಮುಗೀತು.”

“ನಂಗೂ ನೀನು ಇಷ್ಟ. ಮತ್ತೆ, ಐವತ್ತೊಂಬತ್ತು ಪಾಯಿಂಟ್ ಆರು.”

ಅವನು ದೊಪ್ಪನೆ ಹುಲ್ಲಿನ ಮೇಲೆ ಕೂತ. ಕೊರಳಪಟ್ಟಿ ಹಿಡಿದು ಮೇಲೆತ್ತಿ ಮುತ್ತಿಟ್ಟೆ. ಎತ್ತುವುದು ನನಗೆ ಕಷ್ಟವಲ್ಲ. ಹನ್ನೆರಡು ಹಾರನ್ನುಗಳು ಒಟ್ಟಿಗೆ ಕೂಗಿದವು.

ಎಲ್ಲರೂ ಹತ್ತಿದ ಮೇಲೆ ಕಾರುಗಳು ಸಾಲಾಗಿ ಗುಡ್ಡ ಇಳಿಯುವುದು ನಮ್ಮಲ್ಲಿ ರೂಢಿ. ಇಕ್ಕೆಲದಲ್ಲೂ ಜನ ನಿಂತು ಕೈ ಬೀಸುತ್ತಾರೆ. ಆ ದಿನ ಸಾಲಿನ ಮುಂದೆ ನಾನು, ಪಕ್ಕದ ಸೀಟಿನಲ್ಲಿ ಕೆಸರು ಬೂಟಿನ ಡೂಗಲ್. ಗೇರಿನ ಮೇಲಿದ್ದ ನನ್ನ ಕೈಮೇಲೆ ಅವನ ಕೈ ಬಂತು.

“ಸ್ವಲ್ಪ ನಿಧಾನ ಹೋಗು,” ಎಂದ.

“ಯಾಕೆ, ಭಯಾನಾ?”

“ಇಲ್ಲ. ಬೇಗ ಕೆಳಗೆ ತಲುಪೋದು ಬೇಡ ಅಂತ.”

ಎರಡನೇ ಗೇರಿಗೆ ಇಳಿಸಿದೆ. ಹಿಂದಿನಿಂದ ಕ್ಲೈವ್ ಹಾರನ್ ಹೊಡೆದ, ಅವನ ಹಿಂದಿನವರೂ ಹೊಡೆದರು. ಹೊಡೆದುಕೊಳ್ಳಲಿ ಎಂದು ನಾನು ಇನ್ನೂ ನಿಧಾನ ಮಾಡಿದೆ.