ಹುಟ್ಟೇ ಇಲ್ಲದವಳ ಪಾಲು

"ಸೀದಿ, ಆ ಹೆಂಗಸಿನ ಪಾಲು ತೀರೋವರೆಗೂ ಈ ಹೊಸ್ತಿಲು ತುಳೀಬೇಡಿ. ಕೈ ಮುಗೀತೀನಿ."

'ಸೀದಿ' ಎಂದು ಧಣಿಯನ್ನು ಗೌರವದಿಂದ ಕರೆಯುತ್ತಲೇ ದಲ್ಲಾಳಿ ಹಮ್ದೂನ್ ಬಾಗಿಲಿಗೆ ಅಡ್ಡ ನಿಂತಿದ್ದ. ಝುಹೈರ್ ನಗುತ್ತ ಅವನ ಕೈಯಿಂದ ಬೀಗದ ಕೈ ಕಿತ್ತುಕೊಂಡ.

ಝುಹೈರ್ ಕಾಸಾಬ್ಲಾಂಕಾದಿಂದ ತೆತ್ವಾನ್ ಪಟ್ಟಣಕ್ಕೆ ಬಂದದ್ದೇ ಇಂಥ ಮನೆಗಳಿಗಾಗಿ. ಪಾಲುದಾರರ ಜಗಳದಲ್ಲಿ ಕೊಳೆಯುತ್ತಿರುವ ಮನೆಗಳನ್ನು ಅಗ್ಗಕ್ಕೆ ಕೊಂಡು, ಹಕ್ಕಿನ ತೊಡಕನ್ನು ಹೇಗಾದರೂ ಬಿಡಿಸಿ, ಪ್ರವಾಸಿಗರ ವಸತಿಗೃಹ ಮಾಡಿ ಮಾರುವುದು ಅವನ ಕಸುಬು. ಈ ಮನೆಯ ತೊಡಕಿನ ಹೆಸರು ಬತೂಲ್; ಊರವರ ಬಾಯಲ್ಲಿ ಗೌರವದಿಂದ 'ಲಲ್ಲಾ' ಬತೂಲ್. ಅಣ್ಣತಮ್ಮಂದಿರೆಲ್ಲ ಮಾರಲು ಒಪ್ಪಿದರೂ ಈ ಒಬ್ಬ ಅಕ್ಕ ಜಗ್ಗಲಿಲ್ಲ. ಝುಹೈರ್ ಬಾಡಿಗೆ ಸಾಕ್ಷಿಗಳನ್ನು ಹುಡುಕಿದ. ತೀರಿಹೋದ ಯಜಮಾನನಿಗೆ, ಅಂದರೆ ಅವಳ ತಂದೆಗೆ, ಹೆಣ್ಣು ಮಗುವೇ ಹುಟ್ಟಿರಲಿಲ್ಲ ಎಂದು ಅವರು ದೇವರಾಣೆ ಮಾಡಿ ಹೇಳಿದರು. ಕಾಗದಪತ್ರ ಚೊಕ್ಕವಾಯಿತು.

ಎದುರು ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಬತೂಲ್ ತಲೆ ಎತ್ತಿದಳು.

"ನಾನು ಹುಟ್ಟೇ ಇಲ್ಲ ಅಂತ ಹೇಳಿಸಿದ್ಯಂತಲ್ಲ, ಮಗಾ?"

"ಕಾಗದದಲ್ಲಿ ನೀವಿಲ್ಲ ಲಲ್ಲಾ. ನಾನೇನು ಮಾಡ್ಲಿ?"

"ಏನೂ ಬೇಡ. ಇಲ್ಲದವಳು ಮಾಡ್ಸಿದ ಮಾಟ ಇದ್ದೀತಾ? ಹೋಗು ಒಳಗೆ."

ಹೊರಗೆ ಕಣ್ಣು ಕುಕ್ಕುವ ಬಿಸಿಲು; ಒಳಗೆ ಕಿಟಕಿಯೇ ಇಲ್ಲದ ಕೋಣೆಗಳ ಹಳಸಿದ ಕತ್ತಲು. ತೇವ ಹಿಡಿದ ಸುಣ್ಣದ ವಾಸನೆಯೊಳಗೆ ಇನ್ನೊಂದು ವಾಸನೆ ಬೆರೆತಿತ್ತು. ಸುಟ್ಟ ಚರ್ಮದ್ದು. ನಡುಅಂಗಳದ ಬತ್ತಿದ ಕಾರಂಜಿಯಲ್ಲಿ ಯಾರೋ ಈಚೆಗೆ ಮಣ್ಣು ಕೆದಕಿ ಮುಚ್ಚಿದ್ದರು. ಝುಹೈರ್ ಬೂಟಿನ ತುದಿಯಿಂದ ಕೆದರಿದ. ಕಪ್ಪು ಉಣ್ಣೆ ಸುತ್ತಿದ ಬೀಗವೊಂದು ಮೇಲೆ ಬಂತು. ಅದರ ತೂತಿನಿಂದ ಉದ್ದ ನರೆಗೂದಲು ಇಳಿಬಿದ್ದಿತ್ತು.

"ಮುದುಕಿಯ ಆಟ!" ಎಂದು ಒದ್ದ.

ಬೀಗ ಗೋಡೆಗೆ ಬಡಿದು ತಾನಾಗಿ ತೆರೆದುಕೊಂಡಿತು.

ಅಷ್ಟರಲ್ಲಿ ಮೊಬೈಲು ಗುಣುಗುಟ್ಟಿತು. ಮನೆಯಿಂದ ಮಗಳು ರಿಹಾಬ್.

"ಬಾಬಾ, ನನ್ನ ಹಲ್ಲು ಬಿತ್ತು! ನೋಡೋಕೆ ಯಾವಾಗ ಬರ್ತೀಯ?"

"ನಾಳೆನೇ ಬರ್ತೀನಿ, ಬಂಗಾರ."

"ಬಾಬಾ, ಇಲ್ಲಿ ಯಾಕೆ ಇಷ್ಟು ಕತ್ತಲೆ?"

ಆ ದನಿ ಮೊಬೈಲಿನಿಂದ ಬರಲಿಲ್ಲ. ಅಂಗಳದಾಚೆಯ ಕೋಣೆಯಿಂದ ಬಂತು.

ಅವನು ಓಡಿದ. ಬಾಗಿಲು ಹಿಂದೆ ಮುಚ್ಚಿಕೊಂಡಿತು. ಕತ್ತಲು. ಕಣ್ಣಿಗೆ ಒತ್ತುವಂಥ ಕತ್ತಲು. "ರಿಹಾಬ್!" ಎಂದು ಕೂಗಿದ. ಮೂಲೆಯಲ್ಲಿ ಉಸಿರು. ತಡವರಿಸುತ್ತ ನಡೆದ. ಬೆರಳಿಗೆ ಪುಟ್ಟ ಕೈಯೊಂದು ಸಿಕ್ಕಿತು. ಬೆಚ್ಚಗಿತ್ತು. ಅವಳದೇ. ಹಿಡಿದ. ಹಿಡಿದಷ್ಟೂ ಸಣ್ಣದಾಯಿತು. ಬೆರಳಾಯಿತು. ಉಗುರಾಯಿತು. ಆಮೇಲೆ ಮುಷ್ಟಿಯಲ್ಲಿ ಏನೂ ಇರಲಿಲ್ಲ.

ಬಾಗಿಲು ಹೇಗೆ ತೆರೆಯಿತೋ, ಬೀದಿಗೆ ಹೇಗೆ ಬಂದು ಬಿದ್ದನೋ ಅವನಿಗೆ ತಿಳಿಯದು. ಹೆಂಡತಿಗೆ ಕರೆ ಮಾಡಿದ.

"ನುಸೈಬಾ, ರಿಹಾಬ್ ಎಲ್ಲಿ?"

"ಯಾವ ರಿಹಾಬ್?"

"ನಮ್ಮ ಮಗಳು ಕಣೇ!"

ಆ ಕಡೆಯಿಂದ ಅಳು. "ಮಕ್ಕಳಾಗ್ಲಿಲ್ಲ ಅಂತ ನಾನು ಅತ್ತಿದ್ದು ಸಾಲ್ದಾ? ಈಗ ನೀನೂ ಆಡ್ಕೊಂಡು ನಗ್ತೀಯಾ?"

ಝುಹೈರ್ ಬತೂಲಳ ಕಾಲಿಗೆ ಬಿದ್ದ. "ಇಡೀ ಮನೆ ತಗೊಳ್ಳಿ ಲಲ್ಲಾ. ನನ್ನ ಮಗಳನ್ನ ಕೊಡಿ."

ಮುದುಕಿಯ ಕೈ ಅವರೆಕಾಯಿಯ ಮೇಲೆ ಹಾಗೇ ನಿಂತಿತು. "ಅಯ್ಯೋ... ನಿಂಗೂ ಒಬ್ಬ ಮಗಳಿದ್ಲಾ? ನನಗೆ ಮಾಡಿದ್ದು ನಿನಗೇ ತಿರುಗಲಿ ಅಂತ ಅಷ್ಟೇ ಮಾಡ್ಸಿದ್ದು ಮಗಾ. ಕಟ್ಟಿದವ್ರಿಗೂ ಇದನ್ನ ಬಿಚ್ಚೋಕೆ ಬರಲ್ಲ."

ಝುಹೈರ್ ಮನೆಯನ್ನು ಅವಳ ಹೆಸರಿಗೇ ಬರೆದುಕೊಟ್ಟ. ಸಾಕ್ಷಿಗಳು ತಪ್ಪೊಪ್ಪಿಕೊಂಡರು, ಬತೂಲ್ ಮತ್ತೆ ತನ್ನ ತಂದೆಯ ಮಗಳಾದಳು. ರಿಹಾಬ್ ಬರಲಿಲ್ಲ. ಕಾಸಾಬ್ಲಾಂಕಾದ ಮನೆಯಲ್ಲಿ ಅವಳ ಮಂಚವಿದ್ದ ಜಾಗದಲ್ಲಿ ನುಸೈಬಾಳ ಹೊಲಿಗೆ ಯಂತ್ರವಿತ್ತು. ಶಾಲೆಯಲ್ಲಿ ಆ ಹೆಸರು ಯಾರೂ ಕೇಳಿರಲಿಲ್ಲ. ನಾಲ್ಕು ಜನ ಆಣೆ ಮಾಡಿ 'ಇದ್ದಳು' ಎಂದರೆ ಮಗು ಬಂದೀತೇನೋ ಎಂಬ ಹುಚ್ಚು ಆಸೆ ಹುಟ್ಟಿತು. ತೆತ್ವಾನಿಗೆ ಹೋಗಿ ಆ ಸಾಕ್ಷಿಗಳನ್ನೇ ಹುಡುಕಿದ. ಚಹಾದಂಗಡಿಯಲ್ಲಿ ಸಿಕ್ಕರು. ಅಂಗಲಾಚಿದ. ಅವರಲ್ಲಿ ಹಿರಿಯವನು ಲೋಟ ಕೆಳಗಿಟ್ಟು, ಕನಿಕರದಿಂದಲೇ ಹೇಳಿದ:

"ಕ್ಷಮಿಸಿ ಸೀದಿ. ಸುಳ್ಳು ಸಾಕ್ಷಿ ಹೇಳೋದು ಬಿಟ್ಬಿಟ್ವಿ."