ಅರ್ಧ ಉಳಿದ ಟೆಸ್ಟ್

"ಮಕ್ಕಳಾಗದಿದ್ರೂ ನನಗೇನು ಬ್ಯಾಸರ ಇಲ್ರಿ" ಎಂದ ಅಮರೇಶ್, ದೊಡ್ಡ ಮನಸ್ಸಿನವನ ಹಾಗೆ ನಗುತ್ತಾ.

ಗಂಗೋತ್ರಿಗೆ ಮೈಯೆಲ್ಲ ಉರಿದುಹೋಯಿತು.

ಎರಡು ವರ್ಷದಿಂದ ಅವಳು ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಶಾಲೆಯ ಎದುರಿನ ಝೆರಾಕ್ಸ್ ಅಂಗಡಿ ಸಿರುಗುಪ್ಪದ ಈ ಅಮರೇಶನದು. ಪ್ರಶ್ನೆಪತ್ರಿಕೆ ಕೊಟ್ಟರೆ ಮೊದಲು ತಾನೇ ಓದಿ, "ಐದನೇದು ಭಾಳ ಕಷ್ಟ ಐತ್ರಿ, ಪಾಪ ಹುಡುಗ್ರು" ಅನ್ನುವನು. ಅವಳು ಕಣ್ಣು ದೊಡ್ಡದು ಮಾಡಿದರೆ ಓರೆಗಣ್ಣಲ್ಲಿ ನೋಡಿ ನಗುವನು. ಆ ನಗುವಿಗಾಗಿಯೇ ಅವಳು ಬೇಡದ ಪ್ರತಿಗಳನ್ನು ಮಾಡಿಸಿದ್ದೂ ಉಂಟು. ಅವನೇ ಇವತ್ತು ಮದುವೆ ಕೇಳಿದ್ದ. ಕೇಳಿದ್ದು ಸಾಲದೆಂದು ಈ ಮಾತು ಸೇರಿಸಿದ್ದ.

"ಮಕ್ಕಳಾಗಂಗಿಲ್ಲ ಅಂತ ನಿಮಗ ಯಾರು ಹೇಳಿದ್ರು?"

"ಊರಾಗೆಲ್ಲ..."

"ಊರಿಗೇನು ಗೊತ್ತು? ಮೂರು ಸಲ ಬಸುರಾದೆ. ಮೂರು ಸಲಾನೂ ಮೂರು ತಿಂಗಳು ತುಂಬೂದ್ರಾಗ ಹೋತು. ಡಾಕ್ಟರಮ್ಮ ಬಿಡಿಸಿ ಹೇಳಿದ್ರು. ಕೂಸಿಗೆ ಅನ್ನ ಮುಟ್ಟಿಸೋದು ಮಾಸು. ಆ ಮಾಸಿನ ಜೀವಕೋಶ ಬೆಳಿಬೇಕಂದ್ರ ತಾಯಿ ಜೀನ್ ಅಷ್ಟೇ ಅಲ್ಲ, ತಂದಿ ಜೀನೂ ನೆಟ್ಟಗಿರಬೇಕು, ಇಬ್ರೂ ಟೆಸ್ಟಿಗೆ ರಕ್ತ ಕೊಡ್ರಿ ಅಂತ. ನಾ ಕೊಟ್ಟೆ. ನನ್ನ ಕ್ರೋಮೋಸೋಮ್ ಸರಿ ಅದಾವು. ಅವ ಕೊಟ್ನಾ?"

ಅವ ಎಂದರೆ ಬಳ್ಳಾರಿ ಸತ್ಯನಾರಾಯಣಪೇಟೆಯ ಮೊದಲ ಗಂಡ. ಅದಿರಿನ ದಂಧೆಯಲ್ಲಿ ಒಂದೇ ವರ್ಷಕ್ಕೆ ಆರು ಟಿಪ್ಪರ್ ಮಾಡಿಕೊಂಡವನು. "ಗಂಡಸಿಗೆಂಥಾ ಟೆಸ್ಟ್?" ಎಂದು ಆಸ್ಪತ್ರೆಯ ಮೆಟ್ಟಿಲಲ್ಲೇ ಕಾರಿನ ಕೀ ತಿರುಗಿಸುತ್ತಾ ನಿಂತಿದ್ದ. ಅತ್ತೆ ದಾಕ್ಷಾಯಣಮ್ಮ ಅವಳ ಹೊಟ್ಟೆಯನ್ನು ಸುಡುಗಾಡು ಎಂದಿದ್ದಳು. ಆಮೇಲೆ ಡೈವೋರ್ಸ್.

"ಕಾರಣ ಏನಂತ ಇವತ್ತಿಗೂ ಗೊತ್ತಿಲ್ಲ. ಅರ್ಧ ಟೆಸ್ಟ್ ಹಂಗೇ ಉಳೀತು. ತಪ್ಪು ಮಾತ್ರ ಪೂರಾ ನಂದು! ಅವ ಬೈದು ಹೊರಗ ಹಾಕಿದ. ನೀವು ಕನಿಕರ ಮಾಡಿ ಒಳಗ ಕರೀತೀರಿ. ಇಬ್ರಿಗೂ ಏನು ಫರಕು?"

ಅವಳು ಹೊರಟುಬಿಟ್ಟಳು.

ಎರಡು ದಿನ ಅಂಗಡಿ ಬಾಗಿಲು ತೆರೆಯಲಿಲ್ಲ. ಅಷ್ಟು ಸಿಟ್ಟಿನಲ್ಲೂ ಅವಳ ಕಣ್ಣು ಮುಚ್ಚಿದ ಷಟರ್ ಕಡೆಗೇ ಹೋಗುತ್ತಿತ್ತು. ಅದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ಮೂರನೇ ದಿನ ಸಂಜೆ ಬಳ್ಳಾರಿ ಬಸ್ಸಿನಿಂದ ಇಳಿದವನು, ತಲೆ ತುಂಬ ಕೆಂಪು ಧೂಳು ಹೊತ್ತು, ನೇರ ಶಾಲೆಯ ಗೇಟಿಗೆ ಬಂದ. ಎಡಗೈ ಮಡಚುವ ಕಡೆ ಹತ್ತಿ, ಮೇಲೊಂದು ಪಟ್ಟಿ.

"ಏನಾತ್ರೀ?" ಬೇಡವೆಂದರೂ ಬಾಯಿಗೆ ಬಂದುಬಿಟ್ಟಿತು.

"ಗಾಂಧಿನಗರದ ಲ್ಯಾಬಿನಾಗ ರಕ್ತ ಕೊಟ್ಟೆ. ನೀವು ಹೇಳಿದ್ದ ಟೆಸ್ಟ್. ಬೆಂಗಳೂರಿಗೆ ಕಳಿಸ್ತಾರ, ಮೂರು ವಾರ ಬೇಕಂತ. ಮದುವಿ ಆಗದವಗ ಇದ್ಯಾಕೋ ಅಂತ ನಕ್ರು." ತಲೆ ತಗ್ಗಿಸಿದ. "ಆವತ್ತು ದಾನ ಕೊಟ್ಟಂಗ ಮಾತಾಡಿದೆ. ತಪ್ಪಾತ್ರಿ. ನನಗ ನೀವು ಬೇಕು, ಅಷ್ಟ. ನನ್ನಾಗ ಏನಾರ ಐಬು ಇದ್ರ ನೀವೇ ಒಲ್ಲೆ ಅನ್ರಿ."

"ಅಂದ್ರ ರಿಪೋರ್ಟ್ ನೋಡಿ ಗಂಡನ್ನ ಆರಿಸಾಕಿ ಅಂದ್ಕೊಂಡೀರಾ ನನ್ನ?"

"ಇಲ್ರಿ! ಮತ್ತ... ಕಾಯೂಣೇನ್ರಿ?"

"ಯಾಕ ಕಾಯಬೇಕು? ಅದು ಬರೂದ್ರಾಗ ಮದುವಿ ಆಗಬೇಕು. ಚಲೋ ಬಂತಂತ ಒಪ್ಪಿದ್ಳು ಅಂತ ಯಾರೂ ಅನ್ನಬಾರ್ದು. ಕೆಟ್ಟದ್ದು ಬಂದ್ರೂ ಪಾಪ ಒಪ್ಪಿದ್ಳು ಅಂತಾನೂ ಅನ್ನಬಾರ್ದು." ಅವನು ಕಣ್ಣರಳಿಸಿ ನಿಂತದ್ದನ್ನು ನೋಡಿ ಗದರಿದಳು, "ಏನು ನಿಂತೀರಿ? ಹೋಗಿ ಮನ್ಯಾಗ ಹೇಳ್ರಿ!"

ಹನ್ನೊಂದನೇ ದಿನ ಸಿರುಗುಪ್ಪದ ಅವನ ಮನೆಯ ಪಡಸಾಲೆಯಲ್ಲಿ ಮದುವೆಯಾಯಿತು. ತಾಳಿ ಕಟ್ಟುವಾಗ ಅಮರೇಶನ ಕೈಯಿಂದ ಗಂಟು ಜಾರಿತು.

"ನೆಟ್ಟಗ ಕಟ್ಟೋ" ಎಂದಳು ಗಂಗೋತ್ರಿ, ಅವನಿಗಷ್ಟೇ ಕೇಳುವ ಹಾಗೆ, ಮೊದಲ ಸಲ ಏಕವಚನದಲ್ಲಿ.