ಆರನೇ ಗೇರಿನಲ್ಲಿ ಏರು

ಟಕ್.

ಇಷ್ಟೇ ಸದ್ದು. ಬಳೆಗೆ ಬಳೆ ತಾಗಿದ ಹಾಗೆ.

ಟಕ್... ಟಕ್ ಟಕ್...

ನಾನು ಗೇರಿನ ಮೇಲೆ ಕೈಯಿಟ್ಟೆ. ಹಿಂದಿನ ಸೀಟಿನಿಂದ ಒಂದು ವೀಲ್ ಸ್ಪ್ಯಾನರ್ ಬಂದು ನನ್ನ ಹೆಗಲ ಮೇಲೆ ಕೂತಿತು. ತಣ್ಣಗಿತ್ತು.

"ಗೇರ್ ಇಳಿಸಬೇಡಿ ಮೇಡಂ."

"ಇದು ಏರು ಕಣಪ್ಪಾ! ಆರನೇ ಗೇರಲ್ಲಿ ಇಂಜಿನ್ ಏದುಸಿರು ಬಿಡ್ತಾ ಇದೆ."

"ಧಣಿ ಆರರಲ್ಲೇ ಹತ್ತಿಸೋದು. ಗೇರ್ ಇಳಿಸೋರು ಪುಕ್ಕಲರು ಅಂತಾರೆ."

ನಾನು ಪುಕ್ಕಲಿಯೇ. ಅದೇ ನನ್ನ ಬಂಡವಾಳ. ಹೆದರುವವಳ ಕಿವಿ ನಿದ್ದೆ ಮಾಡುವುದಿಲ್ಲ. ಗ್ಯಾರೇಜಿನವರು ಕೈಚೆಲ್ಲಿದ ಸದ್ದುಗಳನ್ನು ಹುಡುಕಿಕೊಡುವುದು ನನ್ನ ಕಸುಬು. 'ಸದ್ದಿನ ಮೇಡಂ' ಅನ್ನುತ್ತಾರೆ. ಕಾಲೇಜಿನಲ್ಲಿ ಕಲಿತದ್ದು ಬೇರೆ ಏನೋ. ಅದು ಯಾವ ಕೆಲಸಕ್ಕೂ ಬರಲಿಲ್ಲ, ಬಿಡಿ.

ಹಿಂದೆ ಕೂತವನ ಹೆಸರು ಬೋಳ. ತಲೆ ತುಂಬ ಕೂದಲು. ಬೋಳಿಸುವುದು ಬೇರೆಯವರ ಆಸ್ತಿಯನ್ನು! ನಮ್ಮ ಬೆನ್ನಿಗೆ ಒಂದು ಜೀಪು, ಅದರಲ್ಲಿ ಇನ್ನಿಬ್ಬರು. ನಾನು ಇಷ್ಟು ಮುಖ್ಯಳೆಂದು ನನ್ನ ಗಂಡನಿಗೂ ಎಂದೂ ಅನ್ನಿಸಿರಲಿಲ್ಲ.

ಇದೆಲ್ಲ ಶುರುವಾದದ್ದು ಬೆಳಿಗ್ಗೆ, ಧಣಿಯ ಕಲ್ಲು ಒಡೆಯುವ ಯಾರ್ಡಿನಲ್ಲಿ. ಶೆಡ್ಡಿನ ಮೂಲೆಯಲ್ಲಿ ಅವನ ಡ್ರೈವರ್ ನಿಂತಿದ್ದ. ಬಲಗೈ ಬೆಂಚಿನ ವೈಸಿನೊಳಗೆ, ಕಬ್ಬಿಣದ ತುಂಡನ್ನು ಕಚ್ಚಿ ಹಿಡಿಯುವ ಆ ಇಕ್ಕಳದೊಳಗೆ. ಅದರ ಹಿಡಿಯನ್ನು ಇನ್ನೂ ತಿರುಗಿಸಿರಲಿಲ್ಲ. ಕಬ್ಬಿಣದ ದವಡೆ ಬೆರಳುಗಳನ್ನು ಸುಮ್ಮನೆ ಹಿಡಿದುಕೊಂಡಿತ್ತು, ಹೊಸ ಮದುಮಗನ ಹಾಗೆ.

"ನನ್ನ ಟರ್ಬೊ ಗಾಡಿ ಒಳಗೆ ಯಾರೋ ಏನೋ ಮಾಡಿದಾರೆ," ಅಂದಿದ್ದ ಧಣಿ. "ಹೋದ ತಿಂಗಳು ಈ ಬಡ್ಡಿಮಗ ಎರಡು ದಿನ ಗಾಡಿ ಒಯ್ದಿದ್ದ. ಎಲ್ಲಿಗೋ ಅಂದ್ರೆ ಶೋರೂಮಿಗೆ ಅಂತಾನೆ. ಶೋರೂಮಿನವರು ನಾವು ನೋಡೇ ಇಲ್ಲ ಅಂತಾರೆ. ಆವತ್ತಿನಿಂದ ಶುರು, ಟಕಟಕ! ಒಂದಿನ ಏರಲ್ಲಿ ಇಂಜಿನ್ ಒಡೆದು ನಾನು ಸಾಯಬೇಕು. ಅದೇ ತಾನೆ ಪ್ಲಾನು?"

"ಇಂಜಿನ್ ಸದ್ದು ಮಾಡಿದ್ರೆಲ್ಲ ಕೊಲೆ ಅಲ್ಲ ಧಣಿ."

"ಸಂಜೆ ಒಳಗೆ ಮಾಡಿದವನ ಹೆಸರು ಹೇಳಮ್ಮಾ. ಇಲ್ಲಾಂದ್ರೆ ಆ ಹಿಡಿ ತಿರುಗಿಸ್ತೀನಿ."

ಡ್ರೈವರ್ ನನ್ನನ್ನು ನೋಡಿದ.

ಈಗ ಏರಿನ ನಡುವೆ ಒಂದು ಸಮತಟ್ಟು ಸಿಕ್ಕಿತು. ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದೆ. ಸದ್ದಿಲ್ಲ! ಬೇರಿಂಗ್ ಸವೆದಿದ್ದರೆ ನಿಂತಲ್ಲೂ ಕುಟ್ಟುತ್ತಿತ್ತು. ಅಂದರೆ ಭಾರ ಎಳೆಯುವಾಗ ಮಾತ್ರ ಸಿಲಿಂಡರಿನೊಳಗೆ ಪೆಟ್ರೋಲ್ ಅಡ್ಡಾದಿಡ್ಡಿ ಸಿಡಿಯುತ್ತಿದೆ. ಟರ್ಬೊ ಅನ್ನುವುದು ಇಂಜಿನ್ನಿನ ಬಾಯಿಗೆ ಗಾಳಿ ತುರುಕುತ್ತದೆ. ಅತಿ ತುರುಕಿದರೆ ಯಾರಿಗಾದರೂ ಅಜೀರ್ಣವೇ.

ಆದರೆ ಆ ಸದ್ದು ಹಿಡಿಯಲೆಂದೇ ಇಂಜಿನ್ನಿಗೆ ಒಂದು ಕಿವಿ ಇದೆ. ನಾಕ್ ಸೆನ್ಸಾರ್. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಒಂದೇ ಬೋಲ್ಟು. ಟಕ್ ಅಂದ ಕೂಡಲೇ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಕಂಪ್ಯೂಟರ್ ಪೆಟ್ರೋಲ್ ಹೊತ್ತಿಸುವ ಕಿಡಿಯನ್ನು ತುಸು ತಡವಾಗಿಸುತ್ತದೆ. ಸದ್ದು ಅಡಗುತ್ತದೆ.

ಈ ಗಾಡಿಯ ಕಿವಿ ಯಾಕೆ ಸುಮ್ಮನಿದೆ?

ಬಾನೆಟ್ ಎತ್ತಿ, ಕೆಳಗೆ ಕೈ ತೂರಿಸಿ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಅಲ್ಲಾಡಲಿಲ್ಲ. ಯಾರೋ ಸೇತುವೆಗೆ ಬಿಗಿದ ಹಾಗೆ ಬಿಗಿದಿದ್ದರು! ಈ ಬೋಲ್ಟನ್ನು ಹದವಾಗಿ ಬಿಗಿಯಬೇಕು. ಮಿತಿ ಮೀರಿದರೆ ಸೆನ್ಸಾರ್ ಕಿವುಡು.

ಪುಟ್ಟ ಕೈಗನ್ನಡಿಯನ್ನು ಒಳಗಿಳಿಸಿ ಟಾರ್ಚ್ ಹಾಕಿದೆ.

ಬೋಲ್ಟಿನ ತಲೆಯ ಮೇಲೆ ನೇರಳೆ ಬಣ್ಣದ ಒಂದು ಗೆರೆ.

ನನ್ನ ಕೈ ಅಲ್ಲೇ ನಿಂತಿತು.

ಬಿಗಿದ ಬೋಲ್ಟಿಗೆ ಬಣ್ಣದ ಗುರುತು ಹಾಕುವ ಮೆಕ್ಯಾನಿಕ್‌ಗಳು ಎಷ್ಟೋ ಜನ. ನೇಲ್ ಪಾಲಿಶ್ ಹಚ್ಚುವವರು ನನಗೆ ಗೊತ್ತಿದ್ದ ಹಾಗೆ ಒಬ್ಬರೇ. ಆ ಬಾಟಲಿಯೂ ನನ್ನದೇ. "ಸ್ಪ್ಯಾನರ್ ಹಿಡಿಯೋ ಕೈಗೆ ಇದೆಲ್ಲಾ ಯಾಕೆ?" ಅಂತ ಅದನ್ನು ಕಿತ್ತುಕೊಂಡವರು... ನನ್ನ ಅತ್ತೆ!

ಮಾವ ತೀರಿದ ಮೇಲೆ ಗ್ಯಾರೇಜು ಅತ್ತೆಯದೇ. ಮಾವ ಬಿಗಿದಿದ್ದ ಚಕ್ರವೊಂದು ಓಡುವ ಗಾಡಿಯಿಂದ ಕಳಚಿಹೋಗಿತ್ತಂತೆ. ಅಂದಿನಿಂದ ಅತ್ತೆ ಯಾವ ಬೋಲ್ಟನ್ನೂ ನಂಬುವುದಿಲ್ಲ. ಎಲ್ಲ ಮುಗಿದ ಮೇಲೆ ಇನ್ನೊಂದು ಅರ್ಧ ಸುತ್ತು, ಕಡ್ಡಾಯ. ಬಿಗಿತ ಅಳೆಯುವ ಟಾರ್ಕ್ ರೆಂಚ್ ತಂದುಕೊಟ್ಟೆ. "ನನ್ನ ಕೈಗಿಂತ ಇದಕ್ಕೇನೇ ಗೊತ್ತು?" ಅಂದರು.

ಡ್ರೈವರ್ ಗಾಡಿ ಒಯ್ದದ್ದು ಅವರ ಬಳಿಗೆ, ನಾನು ಊರಲ್ಲಿಲ್ಲದ ದಿನಗಳಲ್ಲಿ. ಶೋರೂಮ್ ಬಿಟ್ಟು ಬೇರೆ ಕಡೆ ಹೋದದ್ದು ಧಣಿಗೆ ಗೊತ್ತಾದೀತೆಂದು ಸುಳ್ಳು ಹೇಳಿದ್ದಾನೆ. ಆಮೇಲೆ ಬೆರಳು ವೈಸಿಗೆ ಹೋದರೂ ಅತ್ತೆಯ ಹೆಸರು ಬಿಟ್ಟುಕೊಟ್ಟಿಲ್ಲ.

ನಾನು ನಿಜ ಹೇಳಿದರೆ ಅತ್ತೆಯ ಕೈ. ಹೇಳದಿದ್ದರೆ ಡ್ರೈವರನ ಕೈ. ವೈಸಿಗೆ ಭೇದಭಾವವಿಲ್ಲ.

"ಅದೇನದು ಬಣ್ಣ?" ಬೋಳನ ಉಸಿರು ನನ್ನ ಕಿವಿಯಲ್ಲಿ.

"ತುಕ್ಕು."

"ನೇರಳೆ ತುಕ್ಕಾ? ನನ್ನೇನು ಪೆದ್ದ ಅಂದ್ಕೊಂಡ್ರಾ?"

ಆ ಪ್ರಶ್ನೆಗೆ ಉತ್ತರ ಕೊಡುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಅವನು ಕನ್ನಡಿಯಲ್ಲಿ ಫೋಟೋ ತೆಗೆದ. ಧಣಿಗೆ ಕಳಿಸಲು ನೋಡಿದ. ಸಿಗ್ನಲ್ ಇರಲಿಲ್ಲ. ಫೋನನ್ನು ತಲೆಯ ಮೇಲೆ ಹಿಡಿದು ಬಂಡೆ ಹತ್ತತೊಡಗಿದ. ಜೀಪಿನವರು ಬೀಡಿ ಹಚ್ಚಿದ್ದರು.

ಬಾನೆಟ್ ಧಡ್!

ನಾನು ಸೀಟಿನಲ್ಲಿದ್ದೆ. ಗಾಡಿ ಚಿಮ್ಮಿತು. ಅತ್ತೆಗೆ ಫೋನ್ ಮಾಡಬೇಕು, ಅಂಗಡಿ ಮುಚ್ಚಿ ಎಲ್ಲಾದರೂ ಹೋಗಿ ಅನ್ನಬೇಕು... ತಲೆಯಲ್ಲಿ ಅದೊಂದೇ ಯೋಚನೆ.

"ಏಯ್! ಓಡ್ತಾಳೆ ಹಿಡೀರೋ!"

ಬಂಡೆಯಿಂದ ಜಿಗಿದ ಬೋಳನನ್ನು ಹತ್ತಿಸಿಕೊಂಡು ಜೀಪು ಘರ್ ಅಂತ ಹಿಂದೆ ಬಿತ್ತು. ತಿರುವು. ಲಾರಿ! ಸ್ಟೀರಿಂಗ್ ಎಳೆದೆ. ಎಡಗನ್ನಡಿ ಹಾರಿಹೋಯಿತು. ಇನ್ನೊಂದು ತಿರುವು, ಮೊದಲಿಗಿಂತ ಕಡಿದು. ಆರನೇ ಗೇರಿನ ಮರ್ಯಾದೆ ಯಾರಿಗೆ ಬೇಕು? ಪುಕ್ಕಲರ ಗೇರು ಹಾಕಿದೆ. ಮೂರು! ಇಂಜಿನ್ ಕಿರುಚಿತು. ಗಾಡಿ ಬಾಣದ ಹಾಗೆ ಏರಿತು. ಜೀಪು ಕನ್ನಡಿಯಲ್ಲಿ ಚಿಕ್ಕದಾಯಿತು.

ಆಗ ನನ್ನ ಕಿವಿ ನಿಮಿರಿತು.

ಟಕ್ ಎಲ್ಲಿ?

ಅದೇ ಗಾಡಿ. ಅದೇ ಪೆಟ್ರೋಲ್. ಅದೇ ಕಿವುಡು ಸೆನ್ಸಾರ್. ಮೊದಲಿಗಿಂತ ಕಡಿದಾದ ಏರು. ಆದರೂ ಸದ್ದಿಲ್ಲ!

ಬ್ರೇಕ್ ಒತ್ತಿದೆ. ರಸ್ತೆಗೆ ಅಡ್ಡವಾಗಿ ಗಾಡಿ ನಿಲ್ಲಿಸಿ ಇಳಿದೆ. ಜೀಪು ನನ್ನ ಮೊಣಕಾಲಿಗೆ ಒಂದು ಗೇಣು ಬಿಟ್ಟು ನಿಂತಿತು.

"ಎಲ್ಲಿಗೆ ಓಟ?" ಬೋಳ ಜೀಪಿನಿಂದ ಹಾರಿದ.

"ಇದಕ್ಕೆ ಟೆಸ್ಟ್ ಡ್ರೈವ್ ಅಂತಾರೆ. ನಿಮ್ಮ ಧಣೀನ ಕರೆಸು. ಹೆಸರು ಸಿಕ್ಕಿದೆ."

ಧಣಿ ಬಂದ. ಏರಿನ ಮೇಲೆ ಸಿಗ್ನಲ್ ಸಿಕ್ಕಿತ್ತು, ಫೋಟೋ ಅವನಿಗೆ ತಲುಪಿತ್ತು. ಡ್ರೈವರನನ್ನೂ ತಂದಿದ್ದರು, ಕೈಕಟ್ಟಿ.

"ಹೇಳಮ್ಮಾ."

"ಗಾಡಿಯಲ್ಲಿ ಹೇಳ್ತೀನಿ. ನಾವಿಬ್ಬರೇ. ನೀವೇ ಓಡಿಸಬೇಕು."

ಅವನು ಹತ್ತಿದ. ಏರಿನ ಬುಡದಿಂದ ಶುರು. ಧಣಿ ರಾಜಗಾಂಭೀರ್ಯದಿಂದ ಆರನೇ ಗೇರಿಗೆ ಹಾಕಿದ.

ಟಕ್ ಟಕ್ ಟಕ್...

"ಕೇಳ್ತಾ? ಕೊಲೆಗಾರ!" ಅಂದ.

"ಈಗ ಅದೇ ಏರು, ಮೂರನೇ ಗೇರು."

"ನಾನಾ? ಗೇರ್ ಇಳಿಸೋದಾ?"

"ಯಾರೂ ನೋಡ್ತಾ ಇಲ್ಲ ಧಣಿ."

ಹಿಂದೆ ನೋಡಿದ. ಮುಂದೆ ನೋಡಿದ. ಕಳ್ಳತನ ಮಾಡುವವನ ಹಾಗೆ ಗೇರ್ ಇಳಿಸಿದ.

ಇಂಜಿನ್ ನುಣ್ಣಗೆ ಹಾಡಿತು. ತುದಿಯವರೆಗೂ ಒಂದು ಟಕ್ ಇಲ್ಲ.

ಧಣಿಯ ಕುತ್ತಿಗೆ ಕೆಂಪಾಯಿತು.

"ಏನಿದರ ಅರ್ಥ?"

"ಭಾರ ಹೊತ್ತವನ ಕಾಲು ಕಟ್ಟಿ ಓಡು ಅಂದ್ರೆ ಎದೆ ಬಡ್ಕೊಳ್ಳಲ್ವಾ? ಹಾಗೆ. ಗಾಡಿ ಕೊಲ್ತಾ ಇರೋ ಕೈ ನಿಮ್ಮದೇ."

ವೀಲ್ ಸ್ಪ್ಯಾನರ್ ಈಗ ಅವನ ಸೀಟಿನ ಪಕ್ಕದಲ್ಲಿತ್ತು. ಅವನ ಬೆರಳುಗಳು ಅದರ ಮೇಲೆ ಹರಿದಾಡಿದವು. ನಾನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟೆ.

"ಮತ್ತೆ ಆ ನೇರಳೆ ಗೆರೆ?"

"ಬಿಗಿದವರು ಹಾಕೋ ಗುರುತು. ಗೆರೆ ಮುರಿದಿಲ್ಲ, ಆಮೇಲೆ ಯಾರೂ ಬಿಚ್ಚಿಲ್ಲ ಅಂತ ಅರ್ಥ. ನಿಮ್ಮ ಡ್ರೈವರ್ ನಿರಪರಾಧಿ ಅನ್ನೋಕೆ ಅದೇ ಸಾಕ್ಷಿ. ಸೆನ್ಸಾರ್ ಮಾತ್ರ ಬದಲಾಯಿಸಬೇಕು. ಅದು ಕಿವುಡಾಗಿದೆ."

ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿದಿದ್ದೆ.

ಧಣಿ ಗೇರಿನ ಹಿಡಿಯನ್ನು ಒಮ್ಮೆ ಸವರಿದ.

"ಮೂರನೇ ಗೇರಿನ ವಿಷಯ..."

"ಯಾವ ಮೂರನೇ ಗೇರು?"

"ಹಾಂ. ಜಾಣೆ." ಕಿಟಕಿ ಇಳಿಸಿ ಕೂಗಿದ. "ಏಯ್ ಬೋಳಾ! ಅವನ ಕಟ್ಟು ಬಿಚ್ಚೋ! ಗಾಡಿಗೆ ಏನೋ ಚಿಕ್ಕ ರಿಪೇರಿ ಅಂತೆ. ಮೊದಲೇ ಹೇಳಿದ್ನಲ್ಲಾ ನಾನು?"

"ನೀವು ಕೊಲೆ ಅಂದ್ರಿ ಧಣಿ..."

"ಬಾಯ್ಮುಚ್ಚು!"

ಡ್ರೈವರ್ ಮಣಿಕಟ್ಟು ತಿಕ್ಕಿಕೊಳ್ಳುತ್ತ ನನ್ನ ಹತ್ತಿರ ಬಂದ. "ಗ್ಯಾರೇಜಿನ ಅಮ್ಮಾವ್ರಿಗೆ..." ಅಂದ.

"ಏನೂ ಹೇಳಬೇಡ. ಅವರ ಕಡೆ ತಲೆ ಹಾಕಿಯೂ ಮಲಗಬೇಡ."

ಗಾಡಿಯನ್ನು ರಿಪೇರಿಗೆಂದು ಬಿಡಿಸಿಕೊಂಡು ಗ್ಯಾರೇಜಿಗೆ ತಂದೆ. ಉದ್ದ ಪೈಪು ಸಿಕ್ಕಿಸಿ, ಮೈಭಾರವೆಲ್ಲ ಹಾಕಿ ಬೋಲ್ಟ್ ಬಿಚ್ಚಿದೆ. ಹಳೆಯ ಸೆನ್ಸಾರ್ ಬೋಲ್ಟಿನ ಸಮೇತ ಟಣ್ ಅಂತ ನೆಲಕ್ಕೆ ಬಿತ್ತು. ಎತ್ತಿಕೊಂಡದ್ದು ನಾನಲ್ಲ.

ಅತ್ತೆ ಅದನ್ನು ಬೆಳಕಿಗೆ ಹಿಡಿದರು. ಬೋಲ್ಟಿನ ಮೇಲಿನ ನೇರಳೆ ಬಣ್ಣವನ್ನು ಉಗುರಿನಿಂದ ಕೆರೆದರು.

"ಯಾವ ಕತ್ತೆ ಬಿಗಿದಿದ್ದು ಇದನ್ನ?"

"ಯಾರೋ ಅತ್ತೆ."

"ಯಾರಿಗಾದ್ರೂ ಏನಾದ್ರೂ ಆಯ್ತಾ?"

ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದೇ ಇಲ್ಲ. ವೈಸಿನೊಳಗಿನ ಆ ಐದು ಬೆರಳು ಕಣ್ಣ ಮುಂದೆ ಬಂದವು. ಹೇಳಿದರೆ ಈ ಹೆಂಗಸು ಇನ್ನೆಂದೂ ಸ್ಪ್ಯಾನರ್ ಮುಟ್ಟುವುದಿಲ್ಲ.

"ಇಲ್ಲ," ಅಂದೆ. ಈ ವಿಷಯ ನನ್ನ ಜೊತೆಗೇ ಮಣ್ಣಾಗಲಿ ಎಂದು ಆಗಲೇ ನಿರ್ಧರಿಸಿದೆ.

ಅತ್ತೆ ಸೆನ್ಸಾರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗೋಡೆಯ ಕಡೆ ತಿರುಗಿ, "ಆ ಅಳತೆ ರೆಂಚು ಎಲ್ಲಿಟ್ಟಿದೀಯೇ?" ಅಂದರು.

ಆ ಹೊತ್ತಿಗೆ ನನ್ನ ಗಂಡ ಒಳಗೆ ಬಂದ. ಮುರಿದ ಕನ್ನಡಿ ನೋಡಿದ, ನನ್ನ ಮುಖ ನೋಡಿದ, ಅಮ್ಮನ ಮುಖ ನೋಡಿದ.

"ಏನಾಯ್ತು ಈ ಗಾಡಿಗೆ?"

"ಏನೂ ಇಲ್ಲ," ಅಂದೆವು, ಅತ್ತೆ ಮತ್ತು ನಾನು, ಒಟ್ಟಿಗೆ.

ಮದುವೆಯಾದಂದಿನಿಂದ ನಾವಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು. ಅದೂ ಹಸಿ ಸುಳ್ಳು!